ಹೊಳೆಯ ನಡುವೆ ನಿಂತ ಅತ್ತೆಯ ಮೋಟಾರು

ನನ್ನ ಸೋದರತ್ತೆ ಒಂದು ಬೇಸಿಗೆ ಪೂರ್ತಿ ಯಾವ ರಾಜ್ಯದಲ್ಲೂ ಇರಲಿಲ್ಲ. ಹೀಗೆಂದರೆ ಜನ ನಂಬುವುದಿಲ್ಲ. ಹಾಗಾದರೆ ಎಲ್ಲಿದ್ದಳು ಎಂದು ಕೇಳುತ್ತಾರೆ. ಮೋಟಾರಿನಲ್ಲಿದ್ದಳು. ಮೋಟಾರು ಎಲ್ಲಿತ್ತು? ತುಂಗಭದ್ರೆಯ ನಡುವಿನ ಮರಳ ದಿಬ್ಬದ ಮೇಲೆ. ಆಚೆ ದಂಡೆ ಮದ್ರಾಸಿನದು, ಈಚೆ ದಂಡೆ ಹೈದರಾಬಾದಿನದು, ನಡುವಿನದು ನಮ್ಮ ಅತ್ತೆಯದು.

ಲಿಂಗಸಗೂರಿನಲ್ಲಿ ಅವಳಿಗೊಂದು ಬಟ್ಟೆ ಅಂಗಡಿ ಇತ್ತು. ಹಲಗೆಯ ಮೇಲೆ ಮಾವನ ಹೆಸರಿತ್ತು, ಅಷ್ಟೇ. ಬಟ್ಟೆ ಅಳೆದು ಮಡಚುವುದು ಮಾವನ ಕೆಲಸ. ಮಾತಾಡುವುದನ್ನು ಅವನು ಮದುವೆಯಾದ ವರ್ಷವೇ ಅತ್ತೆಗೆ ಬಿಟ್ಟುಕೊಟ್ಟಿದ್ದ. ಅತ್ತೆ ಎರಡು ಪಾಲು ಮಾತನ್ನೂ ಚೆನ್ನಾಗಿಯೇ ನಿಭಾಯಿಸಿಕೊಂಡು ಹೋಗುತ್ತಿದ್ದಳು. ಸಿಕ್ಕವರೊಡನೆಲ್ಲ ವಾದ. ಗೆಲ್ಲುವಷ್ಟು ಜಾಣೆ ಎಂದಲ್ಲ, ಎದುರಿನವರಿಗೆ ಮನೆಗೆ ಹೋಗುವ ಹೊತ್ತಾಗುತ್ತಿತ್ತು.

ಇಂಥವಳಿಗೆ ಮೋಟಾರಿನ ಹುಚ್ಚು ಹಿಡಿದದ್ದು ಒಂದು ಮುಷ್ಟಿ ಶೇಂಗಾದಿಂದ. ಪಾಮನಕಲ್ಲೂರಿನ ಮದುವೆಗೆಂದು ಗಂಡ ಹೆಂಡತಿ ಮಸ್ಕಿಯ ಬಸ್ಸು ಹತ್ತಿದ್ದರು. ಬಸ್ಸು ಹೊರಡುವುದಕ್ಕೆ ಮುಂಚೆ ಅತ್ತೆ ಕಿಟಕಿಯಿಂದ ಶೇಂಗಾ ಕೊಂಡಳು. ಅವು ಹುರಿದವೋ ಬರೀ ಬಿಸಿಲಿಗೆ ಇಟ್ಟವೋ ಎಂಬ ಪ್ರಶ್ನೆ ಎದ್ದಿತು. ಕಿಟಕಿಯಿಂದ ಇತ್ಯರ್ಥವಾಗದ ಕಾರಣ ಕೆಳಗಿಳಿದಳು. ವಾದ ಮುಗಿಸಿ ತಿರುಗಿ ನೋಡಿದರೆ ಬಸ್ಸಿಲ್ಲ. ಮಾವ ಬಸ್ಸಿನೊಳಗೇ ಇದ್ದ. ಸಂಜೆಗೆ ಅವನೊಬ್ಬನೇ ತಿರುಗಿ ಬಂದ.

“ಅಲ್ರೀ, ‘ನಿಲ್ಲಸ್ರೋ’ ಅಂತ ಒಂದು ಮಾತು ಅನ್ನಾಕ ಆಗಲಿಲ್ಲೇನು?”

“ಅನ್ನಬೇಕಂತ ಮಾಡಿದ್ದೆ,” ಎಂದ ಮಾವ. “ಅಷ್ಟರಾಗ ಮಸ್ಕಿ ಬಂತು.”

ಅತ್ತೆ ಆ ಹೊತ್ತಿಗೇ ತೀರ್ಪು ಕೊಟ್ಟಳು. “ಬಸ್ಸು ನನ್ನ ಬಿಟ್ಟು ಹೋಗೈತಿ. ಇನ್ನ ಮ್ಯಾಲ ನಾ ಬಸ್ಸು ಬಿಟ್ಟೀನಿ.”

ಬಸ್ಸು ಬಿಟ್ಟವಳು ಎತ್ತಿನ ಬಂಡಿಯಲ್ಲಿ ಓಡಾಡಿಕೊಂಡಿರಬಹುದಿತ್ತು. ಆದರೆ ಸಿರಗುಪ್ಪದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ನಮ್ಮ ಬೀಗರೊಬ್ಬರ ಬಳಿ ಹಳೆಯ ಮೋಟಾರೊಂದು ಮಾರಾಟಕ್ಕಿದೆ ಎಂಬ ಸುದ್ದಿ ಅವಳ ಕಿವಿಗೆ ಬಿತ್ತು. ನಾನು ಆಗ ಸಿಂಧನೂರಿನ ಶಾಲೆಯಲ್ಲಿ ಹೊಸದಾಗಿ ಮಾಸ್ತರನಾಗಿದ್ದೆ. ನಿಜಾಮರ ಆಳ್ವಿಕೆಯಲ್ಲಿ ಓದಿದವನಾದ್ದರಿಂದ ಉರ್ದು ಬರುತ್ತಿತ್ತು, ಸರ್ಕಾರದ ಹುಕುಮುಗಳನ್ನು ಓದಿ ಅರ್ಥ ಹೇಳಬಲ್ಲೆ. ಅತ್ತೆ ನನ್ನನ್ನು ತನ್ನ ವಕೀಲನನ್ನಾಗಿ ನೇಮಿಸಿಕೊಂಡಳು.

ವಕೀಲ ಬೇಕಾದದ್ದು ಯಾಕೆಂದರೆ, ನಿಜಾಮರ ರಾಜ್ಯ ಭಾರತಕ್ಕೆ ಸೇರಿ ಒಂದೆರಡು ವರ್ಷವಾಗಿದ್ದರೂ ಹೊಳೆಯ ದಂಡೆಯ ಸುಂಕದ ನಾಕಾ, ದಾರಿಯ ಅಡ್ಡ ಕಟ್ಟಿಗೆಯ ಸಮೇತ, ಇದ್ದಲ್ಲೇ ಇತ್ತು. ಆಚೆಯಿಂದ ಏನು ತಂದರೂ ಅಲ್ಲಿ ತೋರಿಸಬೇಕು. ನಾಕಾದ ದಾರೋಗಾ ಸಾಹೇಬರು ಮುದಗಲ್ಲಿನವರು. ತೆಳ್ಳಗೆ ಉದ್ದಕ್ಕಿದ್ದು, ಗಡ್ಡವನ್ನು ಹುಕುಮಿನ ಸಾಲುಗಳಷ್ಟೇ ನೀಟಾಗಿ ಇಟ್ಟುಕೊಂಡಿದ್ದರು.

“ದೇಶ ಒಂದಾತು ಅಂದ್ರಲ್ಲ ಸಾಹೇಬ್ರ, ಮತ್ತ ಈ ಕಟಗಿ ಯಾಕ ಅಡ್ಡ ಇಟ್ಟೀರಿ?” ಎಂದು ಅತ್ತೆ ಮೊದಲ ಭೇಟಿಯಲ್ಲೇ ಕೇಳಿದಳು.

“ಒಂದಾಗ್ಯಾದ್ರಿ ಅಮ್ಮಾ. ಕಟಗಿಗೆ ಇನ್ನೂ ಹುಕುಂ ಬಂದಿಲ್ಲ,” ಎಂದರು ಅವರು. ಹಳೆಯ ಮೋಟಾರು ತರಲು ಅಡ್ಡಿಯಿಲ್ಲ, ಸುಂಕ ಕಟ್ಟಿದರೆ ಸಾಕು ಎಂದೂ ಹೇಳಿದರು.

ಅತ್ತೆ ಅದೇ ವಾರ ಸಿರಗುಪ್ಪಕ್ಕೆ ಹೋಗಿ ಮೋಟಾರನ್ನು ಕೊಂಡಳು. ಅದು ಗಿರಣಿಯ ಹಿಂದೆ ಹುಣಸೆ ಮರದ ಕೆಳಗಿತ್ತು. ಬಣ್ಣ ಯಾವುದು ಎಂದು ಗುರುತಿಸಲು ಒಂದು ಕಡೆ ಕೆರೆದು ನೋಡಬೇಕಾಯಿತು. ಆದರೂ ಹ್ಯಾಂಡಲ್ ತಿರುವಿದರೆ ಶುರುವಾಗುತ್ತಿತ್ತು, ನಾಲ್ಕು ಹೆಜ್ಜೆ ಹೋಗಿ ಕೆಮ್ಮಿ ನಿಲ್ಲುತ್ತಿತ್ತು. ಅಂದೇ ಹೊರಟಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಹಿಂದಿನ ಸೀಟಿನಲ್ಲಿ ಗಿರಣಿ ಕಾವಲುಗಾರನ ಕೋಳಿ ಕಾವಿಗೆ ಕೂತಿತ್ತು. ಓಡಿಸಹೋದ ಕಾವಲುಗಾರನನ್ನು ಅತ್ತೆ ತಡೆದಳು.

“ಬಾಣಂತಿ ಆಗಾಕಿನ ಎಬ್ಬಸ್ತಾರೇನೋ? ಮರಿ ಆಗಲಿ, ಆಮ್ಯಾಲ ಒಯ್ದರಾತು.”

ಕೋಳಿಯ ಅನುಕೂಲಕ್ಕಾಗಿ ನಾವೆಲ್ಲ ಕಾದೆವು. ಮರಿಗಳು ಹೊರಬಂದು ಚಿಂವ್ ಎಂದ ಮೇಲೆ, ಹೊಳೆಯ ನೀರು ಇಳಿದಿದ್ದ ಒಂದು ಬೆಳಿಗ್ಗೆ, ಮೋಟಾರಿಗೆ ಎತ್ತು ಕಟ್ಟಿ ಹೊಳೆಗೆ ಇಳಿಸಿದೆವು. ಅತ್ತೆ ಹಿಂದಿನ ಸೀಟಿನಲ್ಲಿ, ಮಾವ ಸ್ಟೇರಿಂಗ್ ಹಿಡಿದು, ನಾನು ಪಂಚೆ ಎತ್ತಿಕಟ್ಟಿ ನೀರಿನಲ್ಲಿ. ನಡುವಿನ ದಿಬ್ಬ ಮುಟ್ಟಿದಾಗ ಎತ್ತುಗಳು ದಣಿದಿದ್ದವು. ರೊಟ್ಟಿ ಗಂಟು ಬಿಚ್ಚಿದೆವು.

ಆಗ ಈಚೆ ದಂಡೆಯಿಂದ ದಾರೋಗಾ ಸಾಹೇಬರು ಮೊಣಕಾಲುಮಟ್ಟದ ನೀರಿನಲ್ಲಿ ಲಗುಬಗೆಯಿಂದ ಬರುವುದು ಕಂಡಿತು. ಸ್ವಾಗತಕ್ಕೆ ಬರುತ್ತಿದ್ದಾರೆ ಎಂದುಕೊಂಡು ಅತ್ತೆ ಅವರಿಗೂ ಒಂದು ರೊಟ್ಟಿ ತೆಗೆದಿಟ್ಟಳು.

“ಅಮ್ಮಾ, ಅಲ್ಲೇ ನಿಂದರ್ರಿ,” ಎಂದರು ಅವರು ಏದುಸಿರು ಬಿಡುತ್ತಾ. “ಮುಂಜಾನಿ ಹೊಸ ಹುಕುಂ ಬಂದದ. ಹತ್ತು ವರ್ಷಕ್ಕಿಂತ ಹಳೇ ಮೋಟರ್ ಒಳಗ ಬಿಡಬ್ಯಾಡ ಅಂದಾರ. ದಂಡಿಗಿ ಗಾಲಿ ಹತ್ತಿದ್ರ ನಾ ಜಪ್ತಿ ಮಾಡಬೇಕಾಗ್ತದ. ಅದಕ್ಕ ನೀವು ಬರೂದರಾಗ ನಾನೇ ಬಂದೆ.”

“ಇದರ ವಯಸ್ಸು ಯಾರಿಗೆ ಗೊತ್ತೈತ್ರಿ?”

ಸಾಹೇಬರು ಮೋಟಾರನ್ನು ಸುತ್ತು ಹಾಕಿ ನೋಡಿದರು. ಒಂದು ಬಾಗಿಲು ಮುಟ್ಟಿದ ಕೂಡಲೇ ಕೈಗೆ ಬಂದಿತು. ಅದನ್ನು ಗೌರವದಿಂದ ಮರಳಿನ ಮೇಲೆ ಇಟ್ಟರು.

“ಹತ್ತು ಆಗ್ಯಾವ್ರಿ ಅಮ್ಮಾ,” ಎಂದರು.

ಹಾಗಾದರೆ ವಾಪಸು ಹೋಗೋಣವೆಂದು ನಾನು ಆಚೆ ದಂಡೆಯ ನಾಕಾಕ್ಕೆ ಹೋಗಿ ಕೇಳಿದೆ. ಅಲ್ಲಿಯವರು ಇನ್ನೂ ಖಚಿತವಾಗಿದ್ದರು. ಮೋಟಾರು ಬೆಳಿಗ್ಗೆಯೇ ತಮ್ಮ ಗಡಿ ದಾಟಿದೆ. ಮತ್ತೆ ಒಳಗೆ ಬರಬೇಕೆಂದರೆ ಅದು ಪರದೇಶದ ಮಾಲು, ಅಪ್ಪಣೆ ಬೇಕು, ಅಪ್ಪಣೆ ಮದ್ರಾಸಿನಿಂದ ಬರಬೇಕು. ಅವರು ಕಾಯ್ದೆಯನ್ನು ತಪ್ಪಾಗಿ ಓದಿದ್ದರೋ ಸರಿಯಾಗಿ ಓದಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಮೋಟಾರಂತೂ ಅಲ್ಲೇ ನಿಂತಿತು.

ಬೇರೆಯವರಾದರೆ ತಲೆ ಮೇಲೆ ಕೈಹೊತ್ತು ಕೂರುತ್ತಿದ್ದರು. ಅತ್ತೆ ಸೀಟಿನ ಮೇಲೆ ಕೂತಳು. ದಂಡೆಯ ಹಳ್ಳಿಯಲ್ಲಿ ಪರಿಚಯದವರ ಮನೆಯಿತ್ತು. ರಾತ್ರಿ ಅಲ್ಲಿ ಮಲಗುವುದು, ಬೆಳಗಾದರೆ ಮಜ್ಜಿಗೆ ಗಡಿಗೆಯೊಂದಿಗೆ ಮೋಟಾರಿಗೆ ಬರುವುದು. ಮಾವ ಮುಂದಿನ ಸೀಟಿನಲ್ಲಿ ಸ್ಟೇರಿಂಗ್ ಹಿಡಿದು ಕೂತಿರುತ್ತಿದ್ದ. ಎಲ್ಲಿಗೂ ಹೋಗದ ಮೋಟಾರನ್ನು ಅವನಷ್ಟು ಎಚ್ಚರಿಕೆಯಿಂದ ಯಾರೂ ನಡೆಸಿರಲಿಕ್ಕಿಲ್ಲ. ಹೊಳೆ ದಾಟುವ ಜನ ಬಿಸಿಲಿಗೆ ಅಲ್ಲಿ ನಿಂತು ಮಜ್ಜಿಗೆ ಕುಡಿದು, ಅತ್ತೆಯೊಡನೆ ಒಂದಿಷ್ಟು ವಾದಿಸಿ, ಸೋತು ಮುಂದೆ ಹೋಗುತ್ತಿದ್ದರು. ಬರಬರುತ್ತಾ ಜನ ಅಲ್ಲಿಗೆ ನ್ಯಾಯ ತೀರಿಸಿಕೊಳ್ಳಲೂ ಬರತೊಡಗಿದರು. ಎರಡೂ ಸರ್ಕಾರಗಳ ಹಂಗಿಲ್ಲದ ನ್ಯಾಯಾಲಯ ಬೇರೆ ಎಲ್ಲಿತ್ತು?

ದಾರೋಗಾ ಸಾಹೇಬರು ದಿನಾ ಮಧ್ಯಾಹ್ನ ನಮಾಜು ಮುಗಿಸಿ ಬರುತ್ತಿದ್ದರು. ಹುಕುಂ ಬದಲಾಗಿದ್ದರೆ ಓದಿ ಹೇಳುತ್ತಿದ್ದರು. ಬದಲಾಗದಿದ್ದರೂ ಬರುತ್ತಿದ್ದರು. ಅವರ ಹೆಂಡತಿಗೆ ಉಬ್ಬಸ, ನಾಕಾದ ಹಿಂದಿನ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಅತ್ತೆ ಆಕೆಗೆಂದು ಶುಂಠಿ ಕಷಾಯ ಕಾಸಿ ಚೊಂಬಿನಲ್ಲಿ ಕೊಟ್ಟು ಕಳಿಸುವಳು. ಸಾಹೇಬರು ಚೊಂಬು ಹಿಡಿದು ನೀರಿಗಿಳಿಯುವ ಮುನ್ನ ಒಮ್ಮೆ ನಿಂತು ಕೇಳಿದ್ದರು, “ಮಾಸ್ತರ, ಇದಕ್ಕ ಸುಂಕ ಇರೂದಿಲ್ಲೇನು?” ನಗುತ್ತಿದ್ದರೋ ನಿಜವಾಗಿ ಕೇಳುತ್ತಿದ್ದರೋ ಗಡ್ಡದಿಂದಾಗಿ ತಿಳಿಯಲಿಲ್ಲ.

ಒಂದು ದಿನ ಅವರು ಹುರುಪಿನಿಂದ ಬಂದರು. ಕಾಯ್ದೆಯಲ್ಲಿ ಸಡಿಲಿಕೆ ಆಗಿತ್ತು. ರಾಜ್ಯದ ಹೊರಗೆ ಒಂದು ವರ್ಷ ವಾಸವಿದ್ದು, ಅಲ್ಲಿ ತಾವೇ ಬಳಸಿದ ಮೋಟಾರನ್ನು ಊರಿಗೆ ಮರಳುವಾಗ ತರಬಹುದು, ಎಷ್ಟೇ ಹಳೆಯದಿರಲಿ.

“ಮತ್ತ ನಾ ಎಲ್ಲಿ ವಾಸ ಅದೀನ್ರಿ?” ಎಂದಳು ಅತ್ತೆ ಸೀಟು ತಟ್ಟಿ. “ಇದು ನಿಮ್ಮ ರಾಜ್ಯ ಏನು?”

“ಅಲ್ಲ ಅಂತ ಕಾಣಸ್ತದ.”

“ಅಂದ್ರ ಹೊರಗ ಆತು. ಮೋಟಾರ ನಾನೇ ಬಳಸಾಕತ್ತೀನಿ, ಹೌದಿಲ್ಲೋ?”

ಸಾಹೇಬರು ಮರಳಿನ ಮೇಲೆ ಕೂತು ದೀರ್ಘವಾಗಿ ಯೋಚಿಸಿದರು. ಹುಕುಮನ್ನು ನನ್ನ ಕೈಯಲ್ಲಿ ಇನ್ನೊಮ್ಮೆ ಓದಿಸಿದರು. ಕೊನೆಗೆ ತಲೆಯಾಡಿಸಿ, “ಖರೇ ಅದ್ರಿ ಅಮ್ಮಾ. ಒಂದು ವರ್ಷ ಹಿಂಗಽ ಕುಂದರ್ರಿ, ನಾ ಬಿಟ್ಟುಬಿಡ್ತೀನಿ,” ಎಂದರು.

ಅತ್ತೆ ಕೂರಲು ತಯಾರಿದ್ದಳು. ಹೊಳೆ ತಯಾರಿರಲಿಲ್ಲ. ಪಡುವಣದ ಕಡೆ ಮಳೆ ಹಿಡಿದ ಸುದ್ದಿ ಬಂತು. ಎರಡು ದಿನದಲ್ಲಿ ನೀರು ಕೆಂಪಾಗಿ ದಿಬ್ಬದ ಅಂಚನ್ನು ತಿನ್ನತೊಡಗಿತು. ಮೂರನೆಯ ಬೆಳಿಗ್ಗೆ ಗಾಲಿಗಳಿಗೆ ನೀರು ತಾಕಿತು. ಸಾಹೇಬರು ಎದೆಮಟ್ಟದ ನೀರಿನಲ್ಲಿ ಬಂದು, “ಅಮ್ಮಾ, ನೀವರ ಬರ್ರಿ,” ಎಂದು ಅಂಗಲಾಚಿದರು. ಅತ್ತೆ ಇಳಿಯಲಿಲ್ಲ. ಅವಳ ಮುಖದಲ್ಲಿ ವಾದವಿರಲಿಲ್ಲ. ಮೊದಲ ಸಲ ಹೆದರಿದ್ದಳು.

“ಸಾಹೇಬ್ರ, ನಿಮ್ಮ ಹುಕುಮಿನಾಗ ಮೋಟಾರ ಅಂದ್ರ ಏನಂತ ಬರದಾರ?”

“ತನ್ನ ಇಂಜಿನ್‌ಲಿಂದ ತಾನಽ ನಡಿಯೂ ಗಾಡಿ.”

ಆಗ ಮಾವ ಮಾತಾಡಿದ. ಎಲ್ಲರೂ ಬೆಚ್ಚಿ ಅವನತ್ತ ತಿರುಗಿದೆವು.

“ಇಂಜಿನ್ ಬಿಚ್ಚಿದರ?” ಎಂದ.

ಸಾಹೇಬರು ಮೋಟಾರಿನ ಮೂತಿಯನ್ನೊಮ್ಮೆ ನೋಡಿದರು. “ಬಿಚ್ಚಿದರ... ಬಂಡಿ ಆಗ್ತದ. ಬಂಡಿಗೆ ಕಾಯ್ದೆ ಇಲ್ಲ.”

ಮುಂದಿನದು ಹೇಗಾಯಿತೋ ನನಗೆ ಸರಿಯಾಗಿ ನೆನಪಿಲ್ಲ. ಬೋಲ್ಟು ತಿರುವುವ ಪಾನಾ ತಂದವರು ಸಾಹೇಬರೇ. ಮಾವ ಕೆಸರು ನೀರಿನಲ್ಲಿ ಬಗ್ಗಿ ಬೋಲ್ಟು ಬಿಚ್ಚಿದ, ನಾನು ಹಿಡಿದುಕೊಂಡೆ, ಹಳ್ಳಿಯವರು ಹರಿಗೋಲು ತಂದು ಇಂಜಿನನ್ನು ಅದರಲ್ಲಿ ಇಳಿಸಿಕೊಂಡರು. ಉಳಿದದ್ದಕ್ಕೆ ಹಗ್ಗ ಕಟ್ಟಿ ಎತ್ತು ಹೂಡಿದರು. ಕೊನೆಯ ಗಾಲಿ ದಂಡೆ ಹತ್ತುವಷ್ಟರಲ್ಲಿ ದಿಬ್ಬ ಕಾಣಿಸುತ್ತಿರಲಿಲ್ಲ.

ಸಾಹೇಬರು ಒದ್ದೆ ಬಟ್ಟೆಯಲ್ಲೇ ನಾಕಾದ ಒಳಗೆ ಹೋಗಿ, ಟೋಪಿ ಹಾಕಿಕೊಂಡು, ಸರ್ಕಾರವಾಗಿ ಹೊರಗೆ ಬಂದರು.

“ಇದೇನು?”

“ಬಂಡಿ,” ಎಂದಳು ಅತ್ತೆ.

“ಹೌದು. ಅದೇನು?” ಎಂದು ಇಂಜಿನ್ ತೋರಿಸಿದರು.

ಅತ್ತೆಗೆ ಒಂದು ಮಾತು ನೆನಪಾಯಿತು. ಹೊಲಕ್ಕೆ ನೀರೆತ್ತುವ ಯಂತ್ರಗಳಿಗೆ ಸುಂಕವಿಲ್ಲ ಎಂದು ಸಾಹೇಬರೇ ಹಿಂದೊಮ್ಮೆ ಮಾತಿಗೆ ಹೇಳಿದ್ದರು. “ನೀರೆತ್ತೂ ಯಂತ್ರ,” ಎಂದಳು.

“ಇದು ನೀರು ಎತ್ತತದ ಅನ್ನಾಕ ಸಾಕ್ಷಿ?”

“ನೋಡ್ರಲ್ಲ, ಹೊಳಿನಽ ಎತ್ತಿಗೊಂಡು ಬಂದೈತಿ.” ಇಂಜಿನ್ನಿನ ಎಲ್ಲ ತೂತುಗಳಿಂದಲೂ ತುಂಗಭದ್ರೆ ಸುರಿಯುತ್ತಿತ್ತು. ಸಾಹೇಬರು ಅದನ್ನು ಕಣ್ಣಾರೆ ಪರಿಶೀಲಿಸಿ ಅಡ್ಡ ಕಟ್ಟಿಗೆಯನ್ನು ಎತ್ತಿಸಿದರು.

ಸಿಂಧನೂರು, ಮಸ್ಕಿ ದಾಟಿ ಆ ಬಂಡಿ ಲಿಂಗಸಗೂರು ಮುಟ್ಟಿತು. ದಾರಿಯುದ್ದಕ್ಕೂ ಜನ ಅದು ಯಾವ ದೇವರ ಮೆರವಣಿಗೆ ಎಂದು ಕೇಳಿದರು. ಇಂಜಿನ್ ಕೂರಿಸಿದ ಮೇಲೆ ಮೂರು ಬೋಲ್ಟು ಮತ್ತು ಒಂದು ಕೊಳವೆ ಉಳಿದವು. ಆದರೂ ಮೋಟಾರು ನಡೆಯಿತು. ಮಾವನೇ ನಡೆಸುವುದು ಕಲಿತ. ಅವನ ವೇಗಕ್ಕೆ ದಾರಿಹೋಕರು ಮಾತಾಡುತ್ತಾ ಜೊತೆಗೆ ನಡೆದು ಬರಬಹುದಿತ್ತು. ಅತ್ತೆಗೂ ಅದೇ ಬೇಕಾಗಿತ್ತು, ವಾದ ನಡುವೆ ಕಡಿಯುತ್ತಿರಲಿಲ್ಲ.

ಹೀಗೆ ಕೆಲವು ವರ್ಷ ಕಳೆದವು. ಆಮೇಲೆ ಸುಂಕದ ನಾಕಾಗಳನ್ನೇ ತೆಗೆದುಹಾಕಿದರು. ಹಳೆಯದಾಗಲಿ ಹೊಸದಾಗಲಿ ಇನ್ನು ಯಾರು ಏನು ಬೇಕಾದರೂ ತರಬಹುದು. ಅಂಗಡಿ ಬೀದಿಯಲ್ಲಿ ಪೇಢೆ ಹಂಚಿದರು. ನಾನೂ ಆ ದಿನ ಲಿಂಗಸಗೂರಿನಲ್ಲಿದ್ದೆ. ಅತ್ತೆ ಪೇಢೆ ಕೈಯಲ್ಲಿ ಹಿಡಿದು ಕೇಳಿದಳು.

“ಹಂಗಾರ ಸಾಹೇಬ್ರು ಎಲ್ಲಿಗೆ ಹೋಗ್ಬೇಕೋ?”

ಯಾರಿಗೂ ಗೊತ್ತಿರಲಿಲ್ಲ. ಯಾರೂ ಅದನ್ನು ಯೋಚಿಸಿರಲಿಲ್ಲ, ನಾನೂ ಸಹ. ಮರುದಿನ ಬೆಳಿಗ್ಗೆ ಅತ್ತೆ ಮಾವನನ್ನೂ ನನ್ನನ್ನೂ ಮೋಟಾರಿಗೆ ಹತ್ತಿಸಿದಳು.

ಹೊಳೆ ದಂಡೆಯಲ್ಲಿ ಅಡ್ಡ ಕಟ್ಟಿಗೆ ಇರಲಿಲ್ಲ, ನಾಕಾದ ಬಾಗಿಲಿಗೆ ಬೀಗ ಬಿದ್ದಿತ್ತು. ಸಾಹೇಬರು ಎರಡು ಟ್ರಂಕಿನ ಪಕ್ಕ ಬೇವಿನ ಮರದ ನೆರಳಲ್ಲಿದ್ದರು. ಮುಂದಿನ ನೌಕರಿಯ ಹುಕುಂ ಇನ್ನೂ ಬಂದಿರಲಿಲ್ಲವಂತೆ. ಅವರ ಬೇಗಂ ಟ್ರಂಕಿಗೆ ಒರಗಿಕೊಂಡು ಉಸಿರಿಗೆ ಒದ್ದಾಡುತ್ತಿದ್ದರು. ಮುದಗಲ್ಲಿಗೆ ಹೋಗಬೇಕು, ಬಸ್ಸಿನ ಧೂಳಿನಲ್ಲಿ ಅವರನ್ನು ಕೂರಿಸುವ ಹಾಗಿರಲಿಲ್ಲ. ಅತ್ತೆ ಬೇಗಂರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಮುದಗಲ್ಲು ಬರುವವರೆಗೂ ನನ್ನ ಅತ್ತೆ ಯಾರೊಂದಿಗೂ ವಾದಿಸಲಿಲ್ಲ.

ಸಾಹೇಬರ ಮನೆ ಬಹಳ ಕಾಲ ಮುಚ್ಚಿದ್ದ ಮನೆ. ಒಲೆ ಹೊತ್ತಿಸಲೂ ಒಬ್ಬರಿರಲಿಲ್ಲ. ಅತ್ತೆ ಸೆರಗು ಸಿಕ್ಕಿಸಿ ಕಸ ಹೊಡೆದಳು, ನೀರು ಕಾಯಿಸಿದಳು, ಬೇಗಂರ ಬೆನ್ನು ಉಜ್ಜುತ್ತಾ ಕೂತಳು. ಬಿಸಿಲು ಇಳಿಯಿತು. ನಾವು ಹೊರಡಲು ಎದ್ದೆವು, ಅವಳು ಏಳಲಿಲ್ಲ.

“ನೀವು ಹೋಗ್ರಿ. ಈಕಿ ಎದ್ದು ಕುಂದರೂತನ ನಾ ಇರ್ತೀನಿ.”

“ಅಮ್ಮಾ,” ಎಂದರು ಸಾಹೇಬರು ಬಾಗಿಲಲ್ಲಿ ನಿಂತು, “ನೀವು ನಮ್ಮ ಮನ್ಯಾಗ... ಅಷ್ಟು ದಿನ ಹೆಂಗ ಇರ್ತೀರಿ?”

“ಯಾಕ, ಅದಕ್ಕೇನರ ಕಾಯ್ದೆ ಐತೇನು?”

ಸಾಹೇಬರು ಅಂಗಳಕ್ಕೆ ಇಳಿದು, ಗೋಡೆಯ ಕಡೆ ಮುಖ ಮಾಡಿ ನಿಂತರು. ಅವರ ಭುಜಗಳು ಅಲುಗುತ್ತಿದ್ದವು. ಮಾವ ಮೆಲ್ಲಗೆ ಹೋಗಿ ಅವರ ಪಕ್ಕದಲ್ಲಿ ನಿಂತುಕೊಂಡು, ತಾನೂ ಅದೇ ಗೋಡೆಯನ್ನು ನೋಡತೊಡಗಿದ.