ರಹೀಂ ಸಾಹೇಬರ ಜೀರ್ಣಾಂಗವ್ಯೂಹ

ಶಂಶುನ್ನೀಸಾ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಜೀವಕ್ರಿಯೆಗಳ ಪಾಠ ತೆರೆದ ದಿನದಿಂದ ಅವಳ ಗಂಡ ರಹೀಂ ಸಾಹೇಬರಿಗೆ ತಮ್ಮ ದೇಹದ ಮೇಲಿದ್ದ ಹಕ್ಕು ಕೈತಪ್ಪಿತು. ಅಲ್ಲಿಯವರೆಗೆ ಅವರ ತೇಗು ಅವರದಾಗಿತ್ತು, ಗೊರಕೆ ಅವರದಾಗಿತ್ತು, ಬೆಳಿಗ್ಗೆ ಬಚ್ಚಲಿನಲ್ಲಿ ಕಳೆಯುವ ಇಪ್ಪತ್ತು ನಿಮಿಷವಂತೂ ಪೂರ್ತಿ ಅವರದೇ ಆಗಿತ್ತು. ಈಗ ಎಲ್ಲವೂ ಇನ್ನೂರು ಪುಟದ ಒಂದು ನೋಟ್‌ಬುಕ್ಕಿಗೆ ಸೇರಿಹೋದವು.

ಆಕೆ ಒಂಬತ್ತನೆಯ ತರಗತಿಯಲ್ಲಿದ್ದಾಗ ಮದುವೆಯಾಗಿ ಹೊಸಕೋಟೆಯಿಂದ ಫ್ರೇಜರ್ ಟೌನಿನ ಈ ಮನೆಗೆ ಬಂದವಳು. ಮಗಳು ಮಿಸ್ಬಾಳ ಮದುವೆಯೂ ಮುಗಿದ ಮೇಲೆ, ನಲವತ್ತೊಂದನೆಯ ವಯಸ್ಸಿನಲ್ಲಿ, ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟಿದಳು. ಮನೆಮಾತು ದಖನಿ ಉರ್ದು, ಪರೀಕ್ಷೆ ಕನ್ನಡದಲ್ಲಿ. ಬಾಯಿಗೆ ಅಭ್ಯಾಸವಾಗಲೆಂದು ಗಂಡನೊಂದಿಗಿನ ಜಗಳವನ್ನೂ ಆಕೆ ಕನ್ನಡಕ್ಕೆ ವರ್ಗಾಯಿಸಿದ್ದಳು.

ರಹೀಂ ಸಾಹೇಬರಿಗೆ ಶಿವಾಜಿನಗರದಲ್ಲಿ ಪೈಪು, ನಲ್ಲಿ, ಸಿಂಕುಗಳ ಅಂಗಡಿ. ಇಪ್ಪತ್ತೆರಡು ವರ್ಷ ಅದರಲ್ಲೇ ಕಳೆದವರಿಗೆ ಜೀವಶಾಸ್ತ್ರ ಹೊಸ ವಿದ್ಯೆಯೆನಿಸಲಿಲ್ಲ.

"ಇದ್ರಲ್ಲಿ ಓದೋಕೇನಿದೆ? ಮೇಲೊಂದು ಇನ್‌ಲೆಟ್ಟು, ಕೆಳಗೊಂದು ಔಟ್‌ಲೆಟ್ಟು, ನಡುವೆ ಬರೀ ಎಲ್ಬೋ, ಕಪ್ಲಿಂಗು. ನಾನೇ ಹೇಳ್ಕೊಡ್ತೀನಿ ಬಾ."

"ಸಣ್ಣಕರುಳೇ ಆರು ಮೀಟರ್ ಅಂತೆ. ಹೊಟ್ಟೇಲಿ ಅಷ್ಟಕ್ಕೆ ಎಲ್ಲಿದೆ ಜಾಗ?"

"ನನ್ ಹೊಟ್ಟೆ ನೋಡ್ಕೊಂಡೂ ಜಾಗದ ಬಗ್ಗೆ ಡೌಟು ಬಂದೋಳು ನೀನೊಬ್ಳೇ."

ಆಕೆ ಆ ಹೊಟ್ಟೆಯನ್ನು ನೋಡಿದಳು. ದರ್ಜಿ ಬಟ್ಟೆಯ ಥಾನು ನೋಡುವಂತೆ ನೋಡಿದಳು. ರಹೀಂ ಸಾಹೇಬರು ಆ ನೋಟಕ್ಕೇ ಎಚ್ಚೆತ್ತುಕೊಳ್ಳಬೇಕಿತ್ತು.

ಮೊದಲು ಉಸಿರಾಟದ ಸರದಿ. ಭಾನುವಾರ ಮಧ್ಯಾಹ್ನ ಅವರು ಮಲಗಿದ್ದಾಗ ಎದೆಗೆ ಟೇಪು ಸುತ್ತಿ, ಉಸಿರೆಳೆದಾಗ ಎಷ್ಟು, ಬಿಟ್ಟಾಗ ಎಷ್ಟು ಎಂದು ಬರೆದುಕೊಂಡಳು. ಎಚ್ಚರವಾದ ಮೇಲೆ ಲೋಟದಲ್ಲಿ ಸುಣ್ಣದ ತಿಳಿನೀರು ಕೊಟ್ಟು ಸ್ಟ್ರಾದಲ್ಲಿ ಊದಲು ಹೇಳಿದಳು. ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡಿನಿಂದ ನೀರು ಹಾಲಿನಂತಾಗಬೇಕು. ಆಯಿತು. ಅದು ತಮ್ಮ ಶ್ವಾಸಕೋಶದ ವಿಶೇಷ ಸಾಮರ್ಥ್ಯವೆಂದು ತಿಳಿದ ರಹೀಂ ಸಾಹೇಬರು ಇನ್ನೂ ಜೋರಾಗಿ ಊದಿ, ಲೋಟದ ಅರ್ಧವನ್ನು ತಮ್ಮ ಗಡ್ಡಕ್ಕೇ ಹಾರಿಸಿಕೊಂಡರು. ಮರುದಿನ ಒಂದು ತುಂಡು ಬ್ರೆಡ್ಡನ್ನು ನುಂಗದೆ ಐದು ನಿಮಿಷ ಅಗಿಯಬೇಕಾಯಿತು. ಲಾಲಾರಸ ಪಿಷ್ಟವನ್ನು ಸಕ್ಕರೆ ಮಾಡುತ್ತದಂತೆ.

"ಸಿಹಿ ಆಯ್ತಾ?"

"ಉಂ."

"ಎಷ್ಟು ಸಿಹಿ? ಬಾಯ್ಬಿಟ್ಟು ಹೇಳಿ."

ಬಾಯಿ ಬಿಟ್ಟರು. ಬ್ರೆಡ್ಡು ನೋಟ್‌ಬುಕ್ಕಿನ ಮೇಲೆ ಬಿತ್ತು. ತಪ್ಪು ಅವರದೇ ಎಂದು ತೀರ್ಮಾನವಾಯಿತು.

ಇಷ್ಟನ್ನೂ ಅವರು ಸಹಿಸಿಕೊಂಡರು. ಸಹಿಸಲಾಗದ್ದು ಬೀಟ್ರೂಟು.

ತಿಂದದ್ದು ಹೊರಬರಲು ಎಷ್ಟು ಹೊತ್ತು ಬೇಕೆಂದು ಆಕೆಗೆ ತಿಳಿಯಬೇಕಿತ್ತು. ಬೀಟ್ರೂಟಿನ ಬಣ್ಣ ದಾರಿಯುದ್ದಕ್ಕೂ ಗುರುತು ಬಿಡುತ್ತದೆ, ಕೆಲವರಲ್ಲಿ ಮೂತ್ರಪಿಂಡಗಳವರೆಗೂ ಹೋಗಿ ಸೋಸಿದ ನೀರಿನಲ್ಲೂ ಕಾಣಿಸುತ್ತದೆ. ಆದ್ದರಿಂದ ಸಾಹೇಬರು ಮೂರು ದಿನ ಮಧ್ಯಾಹ್ನ ಬೀಟ್ರೂಟ್ ಪಲ್ಯ ತಿಂದು, ಕೆಂಪು ಕಂಡ ಹೊತ್ತನ್ನು ವರದಿ ಮಾಡಬೇಕು.

"ಪ್ರೈವೇಟಾಗಿ ಕಟ್ಟೋರಿಗೆ ಪ್ರಾಕ್ಟಿಕಲ್ ಇಲ್ಲ ಕಣೇ."

"ಮಾಡಿ ನೋಡು ಅಂತ ಬರ್ದಿದ್ದಾರೆ. ಬರ್ದೋರೇನು ಹುಚ್ಚರಾ?"

"ನನ್ ಮೇಲೇ ಮಾಡಿ ನೋಡು ಅಂತ ಬರ್ದಿದ್ದಾರಾ?"

"ಮನೇಲಿ ಇನ್ಯಾರಿದ್ದಾರೆ? ಅಷ್ಟಕ್ಕೂ ಡಾಕ್ಟ್ರು ನಿಮ್ಗೆ ಕಬಾಬ್ ಬಿಟ್ಟು ತರಕಾರಿ ತಿನ್ನಿ ಅಂದು ಆರು ತಿಂಗಳಾಯ್ತು."

ಕಬಾಬಿನ ಹೆಸರೆತ್ತಿದ ಕೂಡಲೇ ಅವರು ಟಿಫಿನ್ ಕ್ಯಾರಿಯರ್ ಎತ್ತಿಕೊಂಡು ಅಂಗಡಿಗೆ ಹೊರಟರು. (ಆ ವಿಷಯದಲ್ಲಿ ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಮಾತಾಡದಿರುವುದಕ್ಕೆ ಕಾರಣವಿತ್ತು. ಕಾರಣ ಅವರ ಅಂಗಡಿಯಿಂದ ನಾಲ್ಕು ಮಾರು ದೂರದಲ್ಲಿ ಕೆಂಡದ ಮೇಲೆ ಬೇಯುತ್ತಿತ್ತು.)

ಪಕ್ಕದ ಸ್ವಿಚ್ಚು, ವೈರುಗಳ ಅಂಗಡಿ ದತ್ತುವಿನದು. ಹಲಸೂರಿನವನು, ಸಾಧು ಪ್ರಾಣಿ. ಹೆಂಡತಿ ಹಂಸ ತಂಗಿಯ ಬಾಣಂತನಕ್ಕೆಂದು ಮೈಸೂರಿಗೆ ಹೋದಾಗಿನಿಂದ ಎರಡು ಹೊತ್ತೂ ಚಿತ್ರಾನ್ನದಲ್ಲೇ ಜೀವ ಹಿಡಿದಿದ್ದ. ರಹೀಂ ಸಾಹೇಬರು ಡಬ್ಬಿಯನ್ನು ಅವನ ಮುಂದಿಟ್ಟು, "ಸ್ನೇಹ ಅಂದ್ರೆ ಹಂಚ್ಕೊಂಡು ತಿನ್ನೋದು ದತ್ತು," ಎಂದರು. ಹಂಚಿಕೆ ಹೇಗಾಯಿತೆಂದರೆ ಪಲ್ಯ ಪೂರ್ತಿ ದತ್ತುವಿಗೆ, ಕಬಾಬು ಪೂರ್ತಿ ಸಾಹೇಬರಿಗೆ.

ಸಂಜೆ ಹೆಂಡತಿ ಪೆನ್ನು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಕೆಂಪು ಬಂತಾ? ಎಷ್ಟೊತ್ತಿಗೆ?"

ಆರು ಮೀಟರ್ ಪೈಪು, ಒಂದಿಂಚು ಅಳತೆ, ನಡುವೆ ಎಲ್ಲೂ ವಾಲ್ವ್ ಇಲ್ಲ. ಸಾಹೇಬರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. "ಒಂದು ಗಂಟೆ ಹತ್ತು ನಿಮಿಷ."

"ಅದು ಕರುಳಾ, ಹೊಸಕೋಟೆ ಹೈವೇನಾ?"

"ನಂದು ಸ್ವಲ್ಪ ಫಾಸ್ಟು."

"ಮುಂದೆಯೋ, ಹಿಂದೆಯೋ?"

ಪ್ರಶ್ನೆಯ ಆಳ ಅವರಿಗೆ ತಿಳಿಯಲಿಲ್ಲ. ಚಿಕ್ಕದರಲ್ಲಿ ಮುಗಿಯಲಿ ಎಂದು "ಮುಂದೆ," ಎಂದರು. ಆಕೆ ಬರೆದುಕೊಂಡಳು. ಎರಡನೆಯ ದಿನ ಕೆಂಪಿನ ಛಾಯೆ ಕೇಳಿದಳು. ಗುಲಾಬಿಯೋ, ನೇರಳೆಯೋ, ದಾಸವಾಳವೋ? ಸಾಹೇಬರು ಯೋಚಿಸಿ ದಾಸವಾಳವನ್ನು ಆರಿಸಿಕೊಂಡರು.

ಇತ್ತ ದತ್ತು ಮಂಕಾಗತೊಡಗಿದ್ದ. ಮೂರನೆಯ ದಿನ ಗಿರಾಕಿ ಬಲ್ಬು ಕೇಳಿದರೆ ಫ್ಯೂಸು ಕೊಟ್ಟ.

"ಏನಾಯ್ತೋ?"

"ಏನಿಲ್ಲ ಭಾಯ್. ಸುಸ್ತು."

"ರಕ್ತ ಕಮ್ಮಿ ಆಗಿರುತ್ತೆ. ಬೀಟ್ರೂಟು ರಕ್ತಕ್ಕೆ ಒಳ್ಳೇದು, ಇನ್ನೆರಡು ಸೌಟು ಹಾಕ್ಕೋ," ಎಂದು ಸಾಹೇಬರು ಡಬ್ಬಿಯ ತಳ ಬಳಿದು ಬಡಿಸಿದರು. ದತ್ತುವಿನ ಕಣ್ಣು ತುಂಬಿತು. ಬೆಂದ ಮೆಣಸಿನಕಾಯಿಯಿಂದ ಇರಬಹುದೆಂದು ಅವರು ತಿಳಿದರು.

ಮರುದಿನ ಬೆಳಿಗ್ಗೆ ಎಂಟಕ್ಕೆ ದತ್ತು ಮನೆಗೇ ಬಂದ. ಕೈಯಲ್ಲಿ ವೃತ್ತಪತ್ರಿಕೆ ಸುತ್ತಿದ ಸಣ್ಣ ಬಾಟಲಿ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಭಾಯ್, ನನ್ ಕತೆ ಮುಗೀತು. ಮೂರು ದಿನದಿಂದ ರಕ್ತ ಹೋಗ್ತಿದೆ. ಹಂಸಂಗೆ ಹೇಳಿಲ್ಲ, ಬಾಣಂತಿ ಮನೆ, ಗಾಬರಿ ಆಗ್ತಾರೆ. ಇದನ್ನ ಲ್ಯಾಬಿಗೆ ಕೊಡ್ಬೇಕು. ಒಬ್ನೇ ಹೋಗೋಕೆ ಕಾಲು ಬರ್ತಿಲ್ಲ."

ಪತ್ರಿಕೆ ಬಿಚ್ಚಿದ. ಬಾಟಲಿಯಲ್ಲಿ ಅಪ್ಪಟ ದಾಸವಾಳ.

ರಹೀಂ ಸಾಹೇಬರಿಗೆ ಎಲ್ಲವೂ ಒಮ್ಮೆಗೇ ಅರ್ಥವಾಯಿತು. ಅದೇ ಹೊತ್ತಿಗೆ ಚಹಾದ ತಟ್ಟೆ ಹಿಡಿದು ಶಂಶುನ್ನೀಸಾ ಹೊರಬಂದು ನಿಂತಳು. ಸತ್ಯ ಹೇಳಿದರೆ ದತ್ತು ಬದುಕುತ್ತಾನೆ, ತಾವು ಉಳಿಯುವುದಿಲ್ಲ. ಹೇಳದಿದ್ದರೆ ತಾವು ಬದುಕುತ್ತಾರೆ, ದತ್ತು ಲ್ಯಾಬು ಮುಟ್ಟುವ ಮೊದಲೇ ಹೆದರಿ ಬೀಳುತ್ತಾನೆ. ಹದಿನೈದು ವರ್ಷದ ಸ್ನೇಹ. ನಡುದಾರಿ ಹಿಡಿದರು. ಹೆಂಡತಿಗೆ ಬೆನ್ನು ಮಾಡಿ, ಕಣ್ಣು ಮಿಟುಕಿಸಿ, ತುಟಿಯಲ್ಲೇ "ಪಲ್ಯ" ಎಂದರು.

"ಪಲ್ಯಾನಾ? ಊಟ ಯಾರಿಗೆ ಬೇಕು ಭಾಯ್," ಎಂದ ದತ್ತು, ಗಟ್ಟಿಯಾಗಿ.

ಶಂಶುನ್ನೀಸಾ ತಟ್ಟೆ ಕೆಳಗಿಟ್ಟು ಬಾಟಲಿಯನ್ನು ಬೆಳಕಿಗೆ ಹಿಡಿದಳು. "ಮೂರು ದಿನದಿಂದ ಮಧ್ಯಾಹ್ನ ಏನು ತಿಂದ್ರಿ?"

"ನೀವು ಕಳ್ಸಿದ್ ಪಲ್ಯಾನೇ, ಭಾಭಿ. ದಿನಾ ಪೂರ್ತಿ ಡಬ್ಬಿ. ಸಾಯೋ ಮುಂಚೆ ಅಷ್ಟಾದ್ರೂ ರುಚಿಯಾಗಿ ತಿಂದೆ ಅಂತ ಸಮಾಧಾನ."

ಆಕೆ ಗಂಡನನ್ನು ನೋಡಲಿಲ್ಲ. ದತ್ತುವನ್ನು ಕೂರಿಸಿ, ಪುಟ ತೆರೆದು, ಅನ್ನನಾಳದಿಂದ ಮೂತ್ರಕೋಶದವರೆಗೆ ಬೆರಳಿಟ್ಟು ತೋರಿಸಿ, ಅದು ರಕ್ತವಲ್ಲ, ಬೀಟ್ರೂಟು ಎಂದು ತಿಳಿಸಿದಳು. ದತ್ತು ಕೇಳುತ್ತ ಕೇಳುತ್ತ ಎರಡು ಲೋಟ ಚಹಾ ಕುಡಿದ. ಅವನ ಮುಖಕ್ಕೆ ಕಳೆ ಬಂತು. ಸಾಹೇಬರ ಮುಖದ ಕಳೆ ಅದೇ ವೇಗದಲ್ಲಿ ಇಳಿಯಿತು. ಆಮೇಲೆ ಆಕೆ ಅವರತ್ತ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕಾಳಜಿ ಇತ್ತು. ಅದು ಸಿಟ್ಟಿಗಿಂತ ಭಯಂಕರವಾಗಿತ್ತು.

"ಬೀಟ್ರೂಟು ತಿಂದೋರು ಇವ್ರು. ನೀವು ಒಂದು ತುಂಡೂ ತಿಂದಿಲ್ಲ. ಆದ್ರೂ ನಿಮ್ಗೆ ದಾಸವಾಳ ಬಂದಿದೆ. ಅಂದ್ರೆ ಅದು ಖಂಡಿತ ರಕ್ತಾನೇ. ಏಳಿ, ಡಾಕ್ಟ್ರ ಹತ್ರ ಹೋಗೋಣ."

ಸುಳ್ಳುಗಾರನಾಗುವುದೋ, ರೋಗಿಯಾಗುವುದೋ? ಸಾಹೇಬರು ರೋಗಿಯಾಗಲು ಒಪ್ಪಿದರು.

ರಿಚರ್ಡ್ಸ್ ಟೌನಿನ ಡಾಕ್ಟರ್ ಮಾರಿಯಾರ ಕ್ಲಿನಿಕ್ಕಿಗೆ ಮೂವರೂ ಆಟೊದಲ್ಲಿ ಹೋದರು. ದತ್ತು ಈಗ ಸ್ನೇಹಿತನ ಭುಜ ಸವರುತ್ತಿದ್ದ. ಶಂಶುನ್ನೀಸಾ ಮೊದಲು ಒಬ್ಬಳೇ ಒಳಗೆ ಹೋಗಿ ಬಂದಳು. ಹೊರಗೆ ಬಂದಾಗ ಕೈಯಲ್ಲಿ ಎರಡು ಬಾಟಲಿ ನೀರು.

"ಸ್ಕ್ಯಾನ್ ಮಾಡ್ಬೇಕು. ಮೂತ್ರಕೋಶ ತುಂಬಿರ್ಬೇಕು. ಎರಡೂ ಕುಡೀರಿ, ತಡ್ಕೊಳ್ಳಿ. ಸ್ಕ್ಯಾನ್ ಮಾಡೋರು ಬರ್ತಾ ಇದ್ದಾರೆ, ಕೆ.ಆರ್. ಪುರಂ ಸೇತುವೆ ಹತ್ರ ಟ್ರಾಫಿಕ್ಕಲ್ಲಿ ಸಿಕ್ಕಿದ್ದಾರೆ."

ಕುಡಿದರು. ಮೊದಲ ಅರ್ಧ ಗಂಟೆ ಗೋಡೆಯ ಚಾರ್ಟುಗಳನ್ನು ಓದಿದರು. ಆಮೇಲೆ ಓದು ನಿಂತಿತು. ಕಾಲ ಮೇಲೆ ಕಾಲು ಹಾಕಿದರು, ಬದಲಿಸಿದರು, ಎದ್ದರು, ಕೂತರು. ಇಡೀ ಆಯುಷ್ಯ ನಲ್ಲಿ ಮಾರಿದವರಿಗೆ ನಲ್ಲಿಯ ಮಹತ್ವ ಅಂದು ಮನವರಿಕೆಯಾಯಿತು.

"ಎಲ್ಲಿಗ್ ಬಂದ್ರಂತೆ?"

"ಅಲ್ಲೇ ಸೇತುವೆ ಮೇಲೆ," ಎಂದಳು ಹೆಂಡತಿ. " ಕೆಳಗಡೆ ನೀರು ನಿಂತಿದ್ಯಂತೆ."

"ನೀರಿನ ಮಾತು ಎತ್ಬೇಡ."

"ಬಸಿತಾನೇ ಇದ್ಯಂತೆ, ಸ್ವಲ್ಪ ಸ್ವಲ್ಪಾನೇ."

ರಹೀಂ ಸಾಹೇಬರು ಎದ್ದು ನಿಂತರು. ಬೆಂಚುಗಳಲ್ಲಿ ಹನ್ನೊಂದು ಜನ ರೋಗಿಗಳಿದ್ದರು. ಅವರೆಲ್ಲರ ಎದುರು, ಶುದ್ಧ ಕನ್ನಡದಲ್ಲಿ, ತಡೆದು ತಡೆದು ನುಡಿದರು:

"ನಂಗೆ ರಕ್ತ ಬಂದಿಲ್ಲ. ಕೆಂಪೂ ಬಂದಿಲ್ಲ. ಎಲ್ಲಾ ಸುಳ್ಳು. ಮೂರು ದಿನಾನೂ ಕಬಾಬ್ ತಿಂದಿದ್ದೀನಿ. ಅದಕ್ಕೂ ಮುಂಚೆ ಆರು ತಿಂಗ್ಳೂ ತಿಂದಿದ್ದೀನಿ. ಈಗ ಬಿಡು, ಹೋಗ್ಬೇಕು."

ಶಂಶುನ್ನೀಸಾ ಗೋಡೆಯ ಗಡಿಯಾರ ನೋಡಿ, ನೋಟ್‌ಬುಕ್ ತೆರೆದಳು.

"ಐವತ್ತೆರಡು ನಿಮಿಷ. ಇಚ್ಛಾಶಕ್ತಿಯಿಂದ ಸ್ವಲ್ಪ ಹೊತ್ತು ತಡೀಬಹುದು ಅಂತ ಪುಸ್ತಕದಲ್ಲಿದೆ. ಎಷ್ಟು ಹೊತ್ತು ಅಂತ ಕೊಟ್ಟಿರ್ಲಿಲ್ಲ."

"ಸ್ಕ್ಯಾನು?"

"ಸ್ಕ್ಯಾನ್ ಇರೋದು ಗುರುವಾರ. ಇವತ್ತು ಶುಕ್ರವಾರ. ಇವ್ರು ನೀರೇ ಕುಡಿಯಲ್ಲ, ಸ್ವಲ್ಪ ಕುಡಿಸಿ ಅಂದ್ರು ಡಾಕ್ಟ್ರು. ಅಷ್ಟೇ. ಟಾಯ್ಲೆಟ್ಟು ಆ ಕಡೆ, ಎಡಕ್ಕೆ."

ಸಿಟ್ಟು ಮಾಡಿಕೊಳ್ಳಲು ವ್ಯವಧಾನವಿರಲಿಲ್ಲ. ಮೊಣಕಾಲು ಜೋಡಿಸಿಕೊಂಡೇ ಓಡುವ ಹೊಸ ನಡಿಗೆಯೊಂದನ್ನು ಕಂಡುಹಿಡಿದು ಎಡಕ್ಕೆ ತಿರುಗಿದರು. ಇದ್ದದ್ದು ಒಂದೇ ಬಾಗಿಲು. ಒಳಗಿನಿಂದ ಚಿಲಕ ಹಾಕಿತ್ತು. ಎರಡೂ ಕೈಯಲ್ಲಿ ಬಡಿದರು.

ಒಳಗಿನಿಂದ ದತ್ತುವಿನ ದನಿ ಬಂತು. ಚಿಂತೆಯೆಲ್ಲ ಕಳೆದ, ನಿಧಾನವಾದ, ಪರಮ ಶಾಂತವಾದ ದನಿ.

"ಭಾಯ್, ನೀವಾ? ಇನ್ನೂ ಕೆಂಪಗೇ ಇದೆ. ಆದ್ರೆ ಈಗ ನೋಡೋಕೆ ಎಷ್ಟು ಚೆನ್ನಾಗಿ ಕಾಣ್ತಿದೆ ಅಂತೀರಿ... ಒಂದೈದು ನಿಮಿಷ ಇರಿ, ಬಂದೆ."