ಕಪಾಟಿಗೆ ಆನಿಸಿದ ಗಿಟಾರು

ವೈರು ಚುಚ್ಚದಿದ್ದರೆ ಗಿಟಾರು ಬರೀ ಹಲಗೆ ಎಂದು ಶಿವಲಿಂಗ ಮೂರು ವರ್ಷದ ಹಿಂದೆ, ಬಾಡಿಗೆಗೆ ಖೋಲಿ ಕೇಳುವಾಗ ಹೇಳಿದ್ದ. ಎಲ್ಲ ತೊಂದರೆಯೂ ಆ ಒಂದು ಮಾತಿನಿಂದಲೇ ಶುರುವಾದದ್ದು.

"ಇದು ಹೊಟ್ಟಿ ಟೊಳ್ಳಿರೋ ಗಿಟಾರಲ್ಲರಿ, ಗಟ್ಟಿ ಕಟ್ಟಿಗಿ. ಕರೆಂಟಿಲ್ಲದ ಬಾರಿಸಿದ್ರ ಸೊಳ್ಳಿ ಅಂದಂಗ ಅಂತದ, ಅಷ್ಟೆ," ಎಂದು ತನ್ನ ಬೀದರಿನ ಮರಾಠಿಯಲ್ಲಿ ಒದರಿದ್ದ. ಪಂಚವಟಿಯ ಆ ಹಳೆಯ ವಾಡೆಯ ಯಜಮಾನರಾದ ದತ್ತೋಪಂತರು ಕಲ್ಲಂಗಡಿ ಕೊಳ್ಳುವವರ ಹಾಗೆ ಗಿಟಾರನ್ನು ಕುಟ್ಟಿ ನೋಡಿ, "ಸದ್ದಾದರೆ ಅವತ್ತೇ ಖೋಲಿ ಖಾಲಿ," ಎಂದು ಕೀಲಿಕೈ ಕೊಟ್ಟಿದ್ದರು.

ಶಿವಲಿಂಗ ಸುಳ್ಳು ಹೇಳಿರಲಿಲ್ಲ. ಫ್ಯಾನು ತಿರುಗುತ್ತಿದ್ದರೆ ಗಿಟಾರಿನ ದನಿ ಅವನಿಗೇ ಕೇಳುತ್ತಿರಲಿಲ್ಲ. ಆದರೆ ಒಂದು ಸಂಜೆ ಅದರ ತಲೆಯನ್ನು ಗೋಡೆಯ ಕಪಾಟಿನ ಹಿಂಬದಿಯ ಹಲಗೆಗೆ ಆನಿಸಿ ಬಾರಿಸಿದ. ಹಲಗೆ ತುಂಬ, ತಾಮ್ರದ ಕೊಡದಲ್ಲಿ ದುಂಬಿ ಸಿಕ್ಕಿಕೊಂಡ ಹಾಗೆ ಗುಂಯ್ ಎಂದಿತು. ಅಂದಿನಿಂದ ದಿನಾ ಸಂಜೆ ಆರರಿಂದ ಏಳರ ತನಕ ಹಾಗೆಯೇ. ಹಲಗೆಗೆ ಇನ್ನೊಂದು ಮಗ್ಗುಲು ಇರುತ್ತದೆಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಆ ಮಗ್ಗುಲಲ್ಲಿ ದತ್ತೋಪಂತರ ಕಪಾಟಿತ್ತು.

ಆ ದತ್ತೋಪಂತರು ಒಂದು ಬೆಳಗ್ಗೆ ಅವಲಕ್ಕಿ ತಿಂದು, ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಒಂಬತ್ತು ದಿನ ಗಿಟಾರು ಮಂಚದ ಕೆಳಗೆ ಸೂತಕ ಹಿಡಿಯಿತು. ಹತ್ತನೆಯ ದಿನವೇ ಸಂಜೆ ಆರಕ್ಕೆ ಸಾತಪುರದ ಅವನ ಕಾರ್ಖಾನೆಯಲ್ಲಿ ವಾರ್ಷಿಕೋತ್ಸವ. ಹನ್ನೊಂದು ವರ್ಷ ಅಲ್ಲಿ ಬಾಯಿ ಮುಚ್ಚಿಕೊಂಡು ಬೇರಿಂಗಿನ ಅಳತೆ ನೋಡಿದವನ ಹೆಸರು ಮೊದಲ ಸಲ ಕಾರ್ಯಕ್ರಮ ಪಟ್ಟಿಯಲ್ಲಿ ಬಂದಿತ್ತು. ವೈರು ಚುಚ್ಚಿ, ಸ್ಪೀಕರಿನಲ್ಲಿ. ಮೂರು ವರ್ಷ ಸೊಳ್ಳೆಯಾಗಿದ್ದವನು ಒಂದು ಸಂಜೆಯ ಮಟ್ಟಿಗೆ ಮನುಷ್ಯನಾಗುವುದಿತ್ತು.

ಬೆರಳು ಜಡ್ಡುಗಟ್ಟಿರಬಾರದಲ್ಲ. ಬೆಳಗಿನ ಜಾವ ಹಲಗೆಗೆ ಆನಿಸಿ ಹತ್ತೇ ನಿಮಿಷ ಬಾರಿಸಿದ. ಆಮೇಲೆ ಎಲ್ಲರ ಜೊತೆ ಹೊಳೆ ದಡದ ರಾಮಕುಂಡಕ್ಕೆ ಹೋದ.

ಹತ್ತನೆಯ ದಿನದ ಪಿಂಡವನ್ನು ಕಾಗೆ ಮುಟ್ಟಬೇಕು. ಮುಟ್ಟದಿದ್ದರೆ ಸತ್ತವರದು ಏನೋ ಆಸೆ ಉಳಿದಿದೆ ಎಂದೇ ಅರ್ಥ. ಇದ್ದವರು ಅದೇನೆಂದು ಊಹಿಸಿ, ನಡೆಸಿಕೊಡುತ್ತೇವೆಂದು ಮಾತು ಕೊಡಬೇಕು. ಕಾಗೆ ಕಟ್ಟೆಯ ಮೇಲೆ ಕೂತು, ಸಾಲಿನಲ್ಲಿ ನಿಂತು ಬೇಸತ್ತ ಗುಮಾಸ್ತನ ಹಾಗೆ ಎತ್ತಲೋ ನೋಡುತ್ತಿತ್ತು.

"ಬಾಬಾ, ಆಯೀನ ನಾ ನೋಡ್ಕೋತೀನಿ," ಎಂದ ಮಗ ಅತುಲ್, ತಾಯಿಯ ಕಡೆ ನೋಡಿ. ಸಂಭಾಜಿನಗರದಿಂದ ಬಂದವನು, ತಲೆ ಆಗಷ್ಟೇ ಬೋಳಾಗಿತ್ತು. ಕಾಗೆ ಕೊಕ್ಕು ಒರೆಸಿಕೊಂಡಿತು.

"ವಾಡೆ ಮಾರಂಗಿಲ್ಲ," ಎಂದ, ಸ್ವಲ್ಪ ಸಣ್ಣ ದನಿಯಲ್ಲಿ. ಕಾಗೆ ಬೆನ್ನು ತಿರುಗಿಸಿತು. ಅದಕ್ಕೆ ಅತುಲ್‌ನ ಪರಿಚಯ ಇದ್ದಂತಿತ್ತು.

ಗುರೂಜಿ ಗಡಿಯಾರ ನೋಡಿದರು. "ನಿಮ್ಮ ಹಿಂದ ಇನ್ನೂ ಮೂರು ಮನಿಯವರು ಇದ್ದಾರ. ದರ್ಭೆಯ ಕಾಗೆ ಮಾಡಿ ಮುಗಸೋಣೇನು?"

"ಬ್ಯಾಡ," ಎಂದಳು ದತ್ತೋಪಂತರ ಹೆಂಡತಿ ರಾಧಾಬಾಯಿ. "ಇವತ್ತು ನಸುಕಿನ್ಯಾಗ ಅವರ ಕಪಾಟು ನರಳಿತು. ಈ ಕಿವಿಯಾರೆ ಕೇಳೀನಿ."

ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಎದುರು ಮನೆಯ ಕಲಬುರಗಿಯ ಕಸ್ತೂರಿಬಾಯಿ ಮಾತ್ರ ಮುಂದೆ ಬಂದಳು. ಯಾರ ಮನೆಯ ಕುಕ್ಕರು ಎಷ್ಟು ಸೀಟಿ ಹೊಡೆಯಿತೆಂದು ಲೆಕ್ಕ ಇಟ್ಟವಳು ಆಕೆ.

"ಯಾಕೋ ಶಿವಲಿಂಗ, ಹಿಂಗ ಬೆವರಲಿಕತ್ತಿ?"

"ಬಿಸಲರಿ ಅಕ್ಕಾ."

"ಮಾಡ ಮುಚ್ಯದ. ಬಿಸಲು ನಿನಗೊಬ್ಬಂಗ ಬಿದ್ದದೇನು?"

ಅಷ್ಟರಲ್ಲಿ ಅತುಲ್ ತಾಯಿಯ ಕೈ ಹಿಡಿದ. "ಆಯೀ, ನೀ ಇನ್ನ ಆ ಮನ್ಯಾಗ ಇರೂದು ಬ್ಯಾಡ. ಇವತ್ತೇ ನನ್ನ ಸಂಗಟ ನಡಿ." ರಾಧಾಬಾಯಿ ಐವತ್ತು ವರ್ಷ ಬಾಳಿದ ಮನೆಯ ದಿಕ್ಕಿಗೊಮ್ಮೆ ನೋಡಿದಳು. ಆ ನೋಟವನ್ನು ಶಿವಲಿಂಗನಿಗೆ ತಡೆಯಲಾಗಲಿಲ್ಲ.

"ಅದು ಕಪಾಟಲ್ಲರಿ. ನಾನು. ಗಿಟಾರು," ಎಂದುಬಿಟ್ಟ.

"ನೀನು ಇವತ್ತೇ ಖೋಲಿ ಬಿಡು," ಎಂದ ಅತುಲ್. ಎಲ್ಲರೂ ಕಾಗೆಯನ್ನು ನೋಡಿದರು. ಕಾಗೆಗೆ ಅದೂ ಸಾಲಲಿಲ್ಲ.

"ತಡೀರಿ," ಎಂದಳು ಕಸ್ತೂರಿಬಾಯಿ. "ಪಂತರು ದಿನಾ ಸಂಜೀಕ ಆ ಕಪಾಟಿಗಿ ಕಿವಿ ಹಚ್ಚಿ ನಿಂದರತಿದ್ರು. ನಮ್ಮ ಕಿಟಕ್ಯಾಗಿಂದ ಕಾಣತಿತ್ತು. ಜಪ ಮಾಡತಾರ ಅಂತ ನಾ ಸುಮ್ಮನಿದ್ದೆ."

ರಾಧಾಬಾಯಿಯ ಕಣ್ಣು ತುಂಬಿತು. "ಗಾನಾ ಕೇಳತಿದ್ರು. ನನಗೊಂದು ಮಾತು ಹೇಳಲಿಲ್ಲ ನೋಡ." ಆಕೆ ಗಂಡನನ್ನೇ ಕರೆದಂತೆ ಕಾಗೆಗೆ ಕೈ ಮುಗಿದಳು. "ಅಹೋ, ವರ್ಷಾಂತಿಕದ ತನಕ ದಿನಾ ದೀಪ ಹಚ್ಚೋ ಹೊತ್ತಿಗೆ ಇಂವಾ ಹಂಗೇ ಬಾರಸತಾನ. ಇವತ್ತಿಂದನ."

ಕಾಗೆ ಕುಪ್ಪಳಿಸಿ ಬಂದು, ಪಿಂಡದ ಅರ್ಧ ಒಯ್ದಿತು.

"ನಾಳಿಂದ ಮಾಡಿದ್ರ ನಡೀತದೇನ್ರಿ?" ಎಂದ ಶಿವಲಿಂಗ. ಗುರೂಜಿ ದರ್ಭೆ ಕಟ್ಟಿಡುತ್ತ, "ಮಾತು ಕಾಗೆಯ ಹೊಟ್ಟ್ಯಾಗ ಹೋತು," ಎಂದರು.

ಐದೂ ಮುಕ್ಕಾಲಿಗೆ ಕಾರ್ಖಾನೆಯಿಂದ ಜೊತೆಗಾರ ಸಮೀರ ಫೋನು ಮಾಡಿದ. "ಎಲ್ಲಿದ್ದಿ ಯಾರ್? ಸ್ಪೀಕರು ನಿನ್ನಷ್ಟು ಎತ್ತರ ಅದಾವ."

"ಕಪಾಟಿನ ಮುಂದ," ಎಂದು ಶಿವಲಿಂಗ ಫೋನು ಇಟ್ಟ.

ದೀಪ ಹಚ್ಚಿದರು. ಗಿಟಾರಿನ ತಲೆ ಹಲಗೆಗೆ ಹತ್ತಿತು. ಆಚೆಯ ಕೋಣೆಯಲ್ಲಿ ಹೆಂಗಸರೆಲ್ಲ ಚಾಪೆ ಹಾಸಿ ಕೂತಿದ್ದರು. "ಏನೂ ಕೇಳಸವಲ್ಲದು. ಕಪಾಟರ ತಗೀರಿ," ಎಂದಳು ಕಸ್ತೂರಿಬಾಯಿ. ಅದರ ಕೀಲಿಕೈ ಪಂತರ ಜನಿವಾರದಲ್ಲೇ ಇರುತ್ತಿತ್ತು. ಇದುವರೆಗೆ ಬೇರೆ ಯಾರೂ ಕಪಾಟನ್ನು ತೆಗೆದಿರಲಿಲ್ಲ. ಅತುಲ್ ತೆಗೆದ.

"ಅಯ್ಯ, ಇದೇನಿದು?" ಎಂಬ ದನಿ ಆಚೆಯಿಂದ ಬಂತು. ಶಿವಲಿಂಗ ಗಿಟಾರು ಇಟ್ಟು ಸುತ್ತಿಕೊಂಡು ಬಂದು ನೋಡಿದ.

ಕಪಾಟಿನಲ್ಲಿ ಸಾಲಾಗಿ ಆರು ಇಲಿಬೋನು. ಒಂದೊಂದರಲ್ಲೂ ಒಣಗಿದ ಭಾಕರಿ ರೊಟ್ಟಿಯ ಚೂರು. ಪಕ್ಕದಲ್ಲೊಂದು ವಹಿ. ಅದರ ಕೊನೆಯ ಹಾಳೆಯನ್ನು ಅತುಲ್ ಓದಿದ: "ಇವತ್ತೂ ಆರಕ್ಕೆ ಹಲಗೆ ಕಡಿಯಲು ಶುರು ಮಾಡಿತು. ಏಳರ ತನಕ ಕಿವಿ ಹಚ್ಚಿ ಕಾದೆ. ಸಿಗಲಿಲ್ಲ. ಈ ಇಲಿ ಹಿಡಿಯದೆ ನನಗೆ ಮುಕ್ತಿಯಿಲ್ಲ."

ಎಲ್ಲರೂ ಶಿವಲಿಂಗನ ಕಡೆ ತಿರುಗಿದರು.

"ಹಂಗಾದ್ರ ನಾ ಹೋಗ್ಲ್ಯಾ? ನನ್ನ ಪಾಳಿ ಏಳಕ್ಕದ," ಎಂದ ಶಿವಲಿಂಗ, ಮೆಲ್ಲಗೆ.

ರಾಧಾಬಾಯಿ ವಹಿಯನ್ನು ಮುಚ್ಚಿ, ಒಂದು ಬೋನನ್ನು ಕೈಗೆ ತೆಗೆದುಕೊಂಡಳು. "ಕಾಗಿಗಿ ಮಾತು ಕೊಟ್ಟಾಗೇದ," ಎಂದಳು. "ಹೋಗಿ ಬಾರಸು."

ಅವನು ಬಂದು ಮಂಚದ ಮೇಲೆ ಕೂತ. ಗಿಟಾರಿನ ತಲೆಯನ್ನು ಹಲಗೆಗೆ ಆನಿಸಿ ಮೊದಲ ತಂತಿ ಮೀಟಿದ. ಆಚೆಯಿಂದ ಟಕ್ ಎಂದಿತು. ಬೋನಿನ ಬಾಗಿಲೆತ್ತಿ ಕೊಕ್ಕೆ ಸಿಕ್ಕಿಸಿದ ಸದ್ದು. ಮತ್ತೊಂದು ಟಕ್. ಅವನು ಬಾರಿಸುತ್ತಲೇ ಆರನ್ನೂ ಎಣಿಸಿದ. ಹಲಗೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತಿತ್ತು.