ಹಿತ್ತಲಲ್ಲೊಂದು ಸರ್ಕಾರ

ಖಾನಾಪುರದ ನಮ್ಮ ಮನೆಯ ಹಿತ್ತಲಲ್ಲಿ ಒಂದೂವರೆ ವರ್ಷ ಒಂದು ಸರ್ಕಾರವಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಚುನಾವಣೆ ಆಗಿರಲಿಲ್ಲ, ಪ್ರಮಾಣವಚನವೂ ಇರಲಿಲ್ಲ. ಬೆಳಗಾವಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ನಮ್ಮಣ್ಣ ಒಂದು ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕುಳಿತವನು, ಸ್ನಾನಕ್ಕೆ ಏಳುವಷ್ಟರಲ್ಲಿ ಸರ್ಕಾರವಾಗಿಬಿಟ್ಟಿದ್ದ! ಆ ಸರ್ಕಾರವನ್ನು ಕೆಡವಿದವಳು ನಾನು, ಅವನ ತಂಗಿ. ಅದನ್ನು ಹೇಳಿಕೊಳ್ಳಲಿಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಇಯತ್ತೆ ಕಲಿತವಳು, ತಪ್ಪಿದ್ದರೆ ತಿದ್ದಿಕೊಳ್ಳಿ.

ಎರಡು ಸಾವಿರದ ಇಸವಿಯ ಆಸುಪಾಸು. ಊರಂಚಿನ ಹಂಚಿನ ಕಾರ್ಖಾನೆ ಮುಚ್ಚಿತ್ತು. ಹೊಗೆ ಮರೆತ ಚಿಮಣಿಯ ತುದಿಗೆ ಗಿಳಿಗಳು ಬಂದು ಕೂರುತ್ತಿದ್ದವು. ಬೆಳಗಿನ ಮಂಜು ಮಲಪ್ರಭೆಯಿಂದ ಎದ್ದು ಬಜಾರಿಗೆ ಬಂದರೆ ಅದನ್ನು ಸರಿಸಿಕೊಂಡು ನಡೆಯುವ ಗಿರಾಕಿಯೇ ಇಲ್ಲ. ಅಂಗಡಿಯವರು ಗಲ್ಲಕ್ಕೆ ಕೈಹಚ್ಚಿ ಆಕಳಿಸುತ್ತಿದ್ದರು. ಇಡೀ ಊರು ಯಾರದೋ ಕನಸಿನಲ್ಲಿ ಕುಳಿತಂತಿತ್ತು.

"ತಂಗೆವ್ವಾ, ಊರು ಯಾಕ ಮಲಗೇತಿ ಗೊತ್ತೇನು?" ಅಣ್ಣ ಕೇಳಿದ. "ಎಲ್ಲಾರೂ ಹೆದರಿ ರೊಕ್ಕ ಮುಷ್ಟಿಯೊಳಗ ಹಿಡಕೊಂಡು ಕುಂತಾರ. ಒಬ್ಬರು ಖರ್ಚ ಮಾಡಿದ್ರs ಇನ್ನೊಬ್ಬರಿಗೆ ಗಳಿಕಿ, ಅಲ್ಲೇನು? ಇಂಥಾ ಹೊತ್ತಿನ್ಯಾಗ ಸರ್ಕಾರ ಮುಂದ ಬಂದು ಕೆಲಸ ಕೊಡಬೇಕು."

"ಕೊಡಂತ ಬರಿ ಸರ್ಕಾರಕ್ಕ."

"ಮೂರು ಅರ್ಜಿ ಬರದೆ. ಉತ್ತರ ಇಲ್ಲ. ಅದಕ್ಕ ನಾನs ಸುರು ಮಾಡತೇನಿ."

ಪಗಾರ ಬರುವವನು ಓಣಿಗೆಲ್ಲ ಇವನೊಬ್ಬನೇ. ಮದುವೆಯೂ ಆಗಿರಲಿಲ್ಲ. ತಡೆಯುವವರು ಯಾರು?

ಮೊದಲ ಯೋಜನೆ ಹಿತ್ತಲಲ್ಲೊಂದು ಕುಣಿ ತೋಡಿಸುವುದು. ಹಂಚಿನ ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡ ಪರಸು ಹಿಂದಿನ ಓಣಿಯಲ್ಲಿದ್ದ. ಅವನ ಹೆಂಡತಿ ರುಕ್ಮಾ ಗಡಿಗೆ ಮಾರುತ್ತಿದ್ದಳು. ಯಾರೂ ಕೊಳ್ಳುತ್ತಿರಲಿಲ್ಲ. ಹೀಗೇ ಆದರೆ ಗೋವಾಕ್ಕೆ ಹೋಗಿ ಇಟ್ಟಿಗೆ ಹೊರುತ್ತೇವೆ ಎಂದು ಗಂಡಹೆಂಡಿರು ಹೇಳುತ್ತಿದ್ದರು. ಅವರನ್ನು ಊರಲ್ಲಿ ಉಳಿಸಿಕೊಳ್ಳುವುದೇ ನಮ್ಮ ಸರ್ಕಾರದ ಏಕೈಕ ಗುರಿ.

ಪರಸು ಎದೆಮಟ್ಟ ಅಗೆದು ಬೆವರು ಒರೆಸಿಕೊಂಡ. "ಯಾವ ಗಿಡಾ ಹಚ್ಚತೀರಿ ಸಾಹೇಬ್ರ?"

"ಗಿಡಾ ಏನಿಲ್ಲ. ಮುಂದಿನ ಐತವಾರ ಬಂದು ಮುಚ್ಚು."

"ಮುಚ್ಚೂದs ಇದ್ರ ಈಗs ಮುಚ್ಚಿ ಹೋಗ್ತೇನಲ್ರಿ!"

"ಏ ಹುಚ್ಚಾ! ಮುಚ್ಚೂದು ಎರಡನೇ ಯೋಜನಾ!"

ಹೀಗೆ ಒಂದೇ ಕುಣಿ ಎಷ್ಟು ಸಲ ಬಾಯಿ ತೆರೆದು ಮುಚ್ಚಿತೋ! ಒಂದು ತೆಂಗನ್ನಾದರೂ ನೆಡು ಎಂದೆ. "ತೆಂಗು ಹಚ್ಚಿದ್ರ ಮುಂದಿನ ವಾರ ಪರಸೂಗ ಏನು ಕೆಲಸಾ ಕೊಡ್ಲಿ?" ಎಂದ. ಸರ್ಕಾರಕ್ಕೆ ಯಾರು ಎದುರು ಹೇಳುತ್ತಾರೆ?

ನೊಣ ಹೊಡೆಯುತ್ತಾ ಕುಳಿತ ಕ್ಷೌರದವನನ್ನು ಕಂಡರೆ ನಮ್ಮಣ್ಣನಿಗೆ ಕರುಳು ಚುರ್ ಎನ್ನುತ್ತಿತ್ತು. ಆ ಮಳೆಗಾಲದಲ್ಲಿ ಅಣ್ಣನ ತಲೆಯ ಮೇಲೆ ಕೂದಲು ಬೆಳೆಯಲು ಪುರಸೊತ್ತೇ ಸಿಗಲಿಲ್ಲ. ಬೆಳಗಾವಿಯ ಸಾಹೇಬರು "ಮನಿಯೊಳಗ ಯಾರರ ತೀರಿಕೊಂಡಾರೇನ್ರಿ?" ಎಂದು ಕೇಳಿದರಂತೆ!

ಕಡೆಗೆ ಯೋಜನೆ ನನ್ನ ತನಕ ಬಂತು. ಗಂಡ ತೀರಿಕೊಂಡ ಮೇಲೆ ನಾನು ಹೊಲಿಗೆ ಮಷೀನು ಹೊತ್ತು ಅಣ್ಣನ ಮನೆಗೆ ಬಂದಿದ್ದೆ. ಮಷೀನಿನ ಮೇಲೆ ಬೆಕ್ಕು ಮಲಗುತ್ತಿತ್ತು. ಅಣ್ಣ ಬೆಳಗಾವಿಯಿಂದ ಪ್ಯಾಸೆಂಜರ್ ಗಾಡಿಯಲ್ಲಿ ಬಟ್ಟೆಯ ಗಂಟು ತಂದು, "ಪರದೆ ಹೊಲಿ" ಎಂದ. ಮನೆಗಿರುವುದು ಎರಡು ಕಿಟಕಿ. ಹೊಲಿದದ್ದು ಹದಿನಾಲ್ಕು ಪರದೆ! ಉಳಿದವನ್ನು ಗೋಡೆಗೇ ಕಟ್ಟಿದ. ಗಾಳಿ ಬೀಸಿದಾಗ ಮನೆ ಹಾಯಿಹಡಗಿನಂತೆ ಉಬ್ಬುತ್ತಿತ್ತು.

ಕೂಲಿ ಕೊಡುವಾಗ ಒಂದೇ ಕರಾರು. "ಇದನ್ನ ಗಂಟು ಕಟ್ಟಬ್ಯಾಡ. ರುಕ್ಮಾನ ಕಡೆ ಗಡಗಿ ತಗೋ. ಆಕಿ ಎಣ್ಣಿ ತಗೋತಾಳ, ಎಣ್ಣಿಯಾಂವ ಅಂಗಿ ಹೊಲಸಾಕ ನಿನ್ನ ಕಡೆನs ಬರತಾನ. ಊರು ಎದ್ದು ಕುಂದರತೈತಿ!"

"ಹೂಂ ಅಣ್ಣಾ" ಎಂದೆ. ಒಳಗೆ ಹೋಗಿ ರೊಕ್ಕವನ್ನು ಜೋಳದ ಡಬ್ಬಿಯ ತಳಕ್ಕೆ ತುರುಕಿದೆ.

ಯಾಕೆ? ಹೆದರಿಕೆ. ನಾಳೆ ಅಣ್ಣನಿಗೆ ಹೆಂಡತಿ ಬಂದು ನನ್ನನ್ನು ಹೊರಗೆ ಹಾಕಿದರೆ? ಗಡಿಗೆಯೊಳಗೆ ಮಲಗಲಿಕ್ಕಾಗುತ್ತದೆಯೇ?

"ಗಡಗಿ ತಗೊಂಡ್ಯಾ?" ಎಂದು ಅಣ್ಣ ಕೇಳಿದಾಗ ಮನೆಯ ಹಳೆಯ ಗಡಿಗೆಯನ್ನು ತೊಳೆದು, ಕೆಮ್ಮಣ್ಣು ಬಳಿದು ತೋರಿಸಿದೆ. ಮರುತಿಂಗಳು ಅದನ್ನೇ ಬೋರಲು ಹಾಕಿ ತೋರಿಸಿದೆ. ಆಮೇಲೆ ಮುಚ್ಚಳವಿಟ್ಟು. ನಾಲ್ಕನೆಯ ಸಲ ಸುಣ್ಣದ ಗೆರೆ ಎಳೆದು! ಅಣ್ಣ ಪ್ರತಿಸಲವೂ "ಭೇಷ್" ಎನ್ನುತ್ತಿದ್ದ. ಸಂಜೆ ಹಿತ್ತಲಲ್ಲಿ ಕುಳಿತು ಚಿಮಣಿಯ ಕಡೆ ನೋಡುತ್ತಿದ್ದ. ಒಮ್ಮೆ ಮೋಡದ ಚೂರೊಂದು ಅದರ ತುದಿಗೆ ತಾಗಿದಾಗ, "ಹೊಗಿ! ಹೊಗಿ ಬಂತು ನೋಡು!" ಎಂದು ಕೂಗಿದ. ಅದು ಮೋಡವೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಒಂದು ಮುಂಜಾನೆ ರುಕ್ಮಾ ಬಾಗಿಲಿಗೆ ಬಂದಳು. ಹಿಂದೆ ಟ್ರಂಕು ಹೊತ್ತ ಪರಸು.

"ಗೋವಾಕ್ಕ ಹೊಂಟೇವ್ರಿ ಅಕ್ಕಾರ. ಈ ವರ್ಷ ಓಣಿಯೊಳಗ ಖರೇನs ಒಂದು ಗಡಗೀನೂ ಹೋಗ್ಲಿಲ್ರಿ."

ಅಣ್ಣ ನನ್ನ ಹಿಂದೆಯೇ ನಿಂತಿದ್ದ. ನಾನು ತಿರುಗಿ ನೋಡಲಿಲ್ಲ. ಅವರು ಮಂಜಿನೊಳಗೆ ಕರಗಿ ಹೋದ ಮೇಲೆ ಅವನ ದನಿ ಕೇಳಿತು. "ನಾ ಓದಿದ್ದು ಕಡಿಮಿ ಆತು. ಎಲ್ಲೋ ಹಿಸಾಬು ತಪ್ಪೇತಿ."

ಅಂದಿಗೆ ಸರ್ಕಾರ ಬಿತ್ತು.

ಎಂಟು ದಿನ ಅನ್ನ ಇಳಿಯಲಿಲ್ಲ. ಕೊನೆಗೆ ಡಬ್ಬಿ ಬರಿದು ಮಾಡಿ ನಂದಗಡದ ಸಂತೆಗೆ ಹೋದೆ. ಅಲ್ಲಿದ್ದ ಗಡಿಗೆಗಳನ್ನೆಲ್ಲ ಟೆಂಪೋದಲ್ಲಿ ಹೇರಿಕೊಂಡು ತಂದು ಅಂಗಳದಲ್ಲಿ ಸಾಲಾಗಿ ಇಟ್ಟೆ. ಅಣ್ಣ ಬಂದು ನೋಡಿದ.

"ಅಣ್ಣಾ, ಆ ನಾಕು ಗಡಗಿ..." ಎಂದು ಸುರುಮಾಡಿದೆ.

ಅವನು ಒಳಗೆ ಹೋಗಿ ಹಳೆಯ ಗಡಿಗೆಯನ್ನು ತಂದು ಅದರ ಬಾಯಂಚಿನ ಮೇಲೆ ಬೆರಳಾಡಿಸಿದ. ಒಂದು ಕಡೆ ಚೂರು ಮುಕ್ಕಾಗಿತ್ತು. "ಈ ಮುಕ್ಕು ನಾಕೂ ಸಲ ಇತ್ತಲ್ಲs ಯವ್ವಾ."

"ಗೊತ್ತಿದ್ದೂ ಯಾಕ ಸುಮ್ಮನಿದ್ದಿ?"

"ನಿನ್ನ ಮುಷ್ಟಿ ಹೆಂಗ ಬಿಚ್ಚಲಿ? ನೀ ಹೆದರಿದ್ದಿ. ನನ್ನ ಮನ್ಯಾಗಿನ ಹೆದರಿಕಿ ಬಿಡಸಾಕ ಆಗದಾಂವ ಊರಿಗೇನು ಸರ್ಕಾರ ಆದೇನು?"

ಪರಸು ಹೋಗುವಾಗ ಹಿತ್ತಲ ಕುಣಿ ತೆರೆದೇ ಇತ್ತು. ಆ ವಾರ ಮುಚ್ಚುವ ಪಾಳಿ. ಈಗ ಮಳೆಗಾಲದಲ್ಲಿ ಅದು ತುಂಬುತ್ತದೆ, ಕಪ್ಪೆಗಳು ಕೂಗುತ್ತವೆ, ಮುಗಿಲು ಬಂದು ಅದರಲ್ಲಿ ಮಲಗುತ್ತದೆ. ಮೊನ್ನೆ ಬಾಜೂ ಮನೆಯವರು ಕಲ್ಲುಮಣ್ಣು ತಂದು, "ಪುಕ್ಕಟೆ ಮುಚ್ಚಿಕೊಡ್ತೇವ್ರಿ" ಎಂದರು.

ಅಣ್ಣ ಬಾಯಿ ತೆರೆಯುವ ಮೊದಲೇ ನಾನೇ ಅಡ್ಡ ನಿಂತೆ.

"ಬ್ಯಾಡ್ರಿ," ಎಂದೆ. "ಅದು ಪರಸೂನ ಕೆಲಸ."